ಸ್ಟ್ಯಾಟಿನ್ ಒಗ್ಗದ ಮೈಗೆ ಕೊಲೆಸ್ಟ್ರಾಲ್ ಇಳಿಸುವ ದಾರಿ: ಆಟೋಇಮ್ಯೂನ್ ಕಾಯಿಲೆ ಇದ್ದವರಿಗಾಗಿ

ಮೂರು ವರ್ಷದ ಹಿಂದೆ ಒಂದು ಸಂಜೆ, ಜಗಲಿಯಲ್ಲಿ ಅಡಿಕೆ ಆರಿಸಲು ಕೂತವಳು ಏಳಲು ಆಗದೆ ಮಗಳನ್ನು ಕರೆದೆ. ನನಗೆ ಹನ್ನೊಂದು ವರ್ಷದಿಂದ ರುಮಟಾಯ್ಡ್ ಆರ್ಥರೈಟಿಸ್ ಇದೆ. ಮೈಯ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಮೇಲೆ ಬೀಳುವ ಆಟೋಇಮ್ಯೂನ್ ಕಾಯಿಲೆ ಅದು. ಗಂಟು ನೋವು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಇದು ಅದಾಗಿರಲಿಲ್ಲ. ಎರಡೂ ತೊಡೆಯ ಮಾಂಸ ಸೋತು ಹೋದ ಹಾಗಿತ್ತು. ಆರು ವಾರದ ಹಿಂದಷ್ಟೇ ಕೊಲೆಸ್ಟ್ರಾಲ್ ಜಾಸ್ತಿ ಇದೆ ಎಂದು ಸ್ಟ್ಯಾಟಿನ್ ಮಾತ್ರೆ ಶುರುವಾಗಿತ್ತು.

ಮೊದಲು ತೋರಿಸಿದ ಕಡೆ "ನಿಮ್ಮ ಹಳೇ ಗಂಟು ನೋವೇ ಅಮ್ಮ" ಎಂದು ಕಳಿಸಿದರು. ಎರಡನೇ ವೈದ್ಯರು ಎರಡು ರಕ್ತ ಪರೀಕ್ಷೆ ಬರೆದುಕೊಟ್ಟರು. ಒಂದು ಸಿಪಿಕೆ, ಸ್ನಾಯುವಿಗೆ ಪೆಟ್ಟಾದರೆ ಏರುವಂಥದ್ದು. ಇನ್ನೊಂದು ಥೈರಾಯ್ಡ್ ಮಂದವಾದರೆ ಏರುವ ಟಿಎಸ್‌ಎಚ್. ಎರಡೂ ಏರಿದ್ದವು. ಸಿಪಿಕೆ ಇರಬೇಕಾದ್ದಕ್ಕಿಂತ ಐದು ಪಟ್ಟು. ಟಿಎಸ್‌ಎಚ್ 14. ಅಂದರೆ ನನ್ನ ಥೈರಾಯ್ಡ್ ಸದ್ದಿಲ್ಲದೆ ಕೈಕೊಟ್ಟಿತ್ತು. ಕೊಲೆಸ್ಟ್ರಾಲ್ ಏರಿದ್ದರಲ್ಲಿ ಅದರ ಪಾಲು ದೊಡ್ಡದಿತ್ತು. ಸ್ಟ್ಯಾಟಿನ್ ಸ್ನಾಯುವಿಗೆ ತಾಗಿದ್ದರಲ್ಲೂ ಇತ್ತು.

ಸ್ಟ್ಯಾಟಿನ್ ನಿಲ್ಲಿಸಿದರು. ಥೈರಾಯ್ಡ್ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 178ರಿಂದ 149ಕ್ಕೆ ಇಳಿಯಿತು. ಆಮೇಲೆ ಬೇರೊಂದು ಸ್ಟ್ಯಾಟಿನ್ ಅನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಸಿಪಿಕೆ ಮತ್ತೆ ಏರಿತು. ಆಗಲೇ ವೈದ್ಯರು "ಇದು ನಿಮಗೆ ಬೇಡ, ಬೇರೆ ದಾರಿ ನೋಡೋಣ" ಎಂದದ್ದು. ಅಡುಗೆಮನೆ ಬದಲಿಸಿ 128ಕ್ಕೆ ಬಂದೆ. ಸ್ಟ್ಯಾಟಿನ್ ಅಲ್ಲದ ಒಂದು ಮಾತ್ರೆ ಸೇರಿಸಿ ಈಗ 104ರಲ್ಲಿದ್ದೇನೆ.

ನಾನು ವೈದ್ಯೆ ಅಲ್ಲ, ಶಿರಸಿ ಪೇಟೆಯಿಂದ ಒಳಗಿರುವ ಹಳ್ಳಿಯೊಂದರ ಗೃಹಿಣಿ. ಈ ಮೂರು ವರ್ಷದಲ್ಲಿ ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು, ಮೈಯಲ್ಲಿ ಕಲಿತದ್ದು ಇಲ್ಲಿದೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ಬಿಡಬೇಡಿ, ಶುರುವೂ ಮಾಡಬೇಡಿ. ಹಾಳೆಯನ್ನು ವೈದ್ಯರ ಮೇಜಿನ ಮೇಲಿಟ್ಟು ಮಾತಾಡಿ.

ಹೆಜ್ಜೆ 1: ಸ್ಟ್ಯಾಟಿನ್ ನಿಮಗೆ ನಿಜವಾಗಿಯೂ ಆಗುವುದಿಲ್ಲವಾ?

ಇದನ್ನು ಮೊದಲು ಬರೆಯಲು ಕಾರಣವಿದೆ. ನನ್ನ ಕಥೆ ಕೇಳಿ ಕುಮಟೆಯ ಗೆಳತಿಯೊಬ್ಬಳು ತನ್ನ ಸ್ಟ್ಯಾಟಿನ್ ಬಿಟ್ಟುಬಿಟ್ಟಳು. ಅವಳಿಗೆ ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಕೂಡ ಹಾಕಿದ್ದಾರೆ. ಅವಳಿಗೆ ಆ ಮಾತ್ರೆಯಿಂದ ಏನೂ ತೊಂದರೆ ಇರಲಿಲ್ಲ. ನಾನು ಗಾಬರಿಯಾಗಿ ಅದೇ ದಿನ ಬಸ್ಸು ಹತ್ತಿ ಹೋಗಿ, ಮತ್ತೆ ಶುರು ಮಾಡಿಸಿ ಬಂದೆ.

ಹೃದಯಾಘಾತ ಆದವರು, ಸ್ಟೆಂಟ್ ಅಥವಾ ಬೈಪಾಸ್ ಆದವರು, ಪಾರ್ಶ್ವವಾಯು ಆದವರು, ಸಕ್ಕರೆ ಕಾಯಿಲೆ ಇದ್ದವರು, ಎಲ್‌ಡಿಎಲ್ 190 ದಾಟಿದವರು: ನಿಮಗೆ ಈ ಮಾತ್ರೆ ಜೀವ ಉಳಿಸುವಂಥದ್ದು. ಒಗ್ಗದಿದ್ದರೆ ಪರ್ಯಾಯ ಕೈಯಲ್ಲಿ ಸಿಕ್ಕ ಮೇಲೆ ಬದಲಿಸಿಕೊಳ್ಳಿ. ಅಲ್ಲಿಯವರೆಗೆ ವೈದ್ಯರ ಮಾತು ಕೇಳಿ.

ಸ್ಟ್ಯಾಟಿನ್ ತಗೊಂಡರೆ ಆಟೋಇಮ್ಯೂನ್ ಕಾಯಿಲೆ ಕೆರಳುತ್ತದೆ ಎಂಬ ಮಾತು ಕೇಳಿರಬಹುದು. ಹೆಚ್ಚಿನವರಲ್ಲಿ ಹಾಗಾಗುವುದಿಲ್ಲ. 2004ರಲ್ಲಿ ಸ್ಕಾಟ್ಲೆಂಡಿನಲ್ಲಿ ರುಮಟಾಯ್ಡ್ ಇರುವ 116 ಜನರ ಮೇಲೆ ಪ್ರಯೋಗ ಮಾಡಿದ್ದರು. ಅರ್ಧ ಜನಕ್ಕೆ ಅಟೋರ್ವಾಸ್ಟ್ಯಾಟಿನ್, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ. ಸ್ಟ್ಯಾಟಿನ್ ತಗೊಂಡವರ ಗಂಟಿನ ಊತ ಸ್ವಲ್ಪ ತಗ್ಗಿತ್ತು.

ಇನ್ನೊಂದು ಪ್ರಯೋಗ 2020ರದ್ದು. ಅಡ್ಡಪರಿಣಾಮ ಎಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಯಾವುದು ಯಾವ ಮಾತ್ರೆ ಎಂದು ಅವರಿಗೆ ಹೇಳಿರಲಿಲ್ಲ. ಸ್ಟ್ಯಾಟಿನ್‌ನಲ್ಲಿ ಬಂದ ತೊಂದರೆಯ ಸುಮಾರು ಶೇ. 90 ಹುಸಿ ಮಾತ್ರೆಯಲ್ಲೂ ಬಂದಿತ್ತು. ಅವರ ನೋವು ಸುಳ್ಳು ಅಂತ ಅಲ್ಲ, ನೋವು ನಿಜವೇ. ಭಯವೂ ಮೈ ನೋಯಿಸುತ್ತದೆ.

ಹಾಗಾಗಿ ನೋವು ಬಂದರೆ ಸಿಪಿಕೆ ಮಾಡಿಸಿ. ಏರಿಲ್ಲದಿದ್ದರೆ ಬೇರೆ ಸ್ಟ್ಯಾಟಿನ್, ಕಡಿಮೆ ಪ್ರಮಾಣ, ದಿನ ಬಿಟ್ಟು ದಿನ ಎಂಬ ದಾರಿಗಳು ಇನ್ನೂ ಇವೆ. ಟಿಎಸ್‌ಎಚ್ ಕೂಡ ಅದೇ ದಿನ ಮಾಡಿಸಿ.

ಆದರೆ ಒಂದು ಸ್ಥಿತಿಯಲ್ಲಿ ಸ್ಟ್ಯಾಟಿನ್ ಪೂರ್ತಿ ಮುಚ್ಚಿದ ಬಾಗಿಲು. ಬಹಳ ಅಪರೂಪಕ್ಕೆ, ಸ್ಟ್ಯಾಟಿನ್ ತಗೊಂಡ ಮೇಲೆ ನಮ್ಮ ರಕ್ಷಣಾ ವ್ಯವಸ್ಥೆಯೇ ಸ್ನಾಯುವಿನ ಮೇಲೆ ಬೀಳುತ್ತದೆ. ಮಾತ್ರೆ ನಿಲ್ಲಿಸಿದರೂ ಬಲ ಇಳಿಯುತ್ತಲೇ ಹೋಗುತ್ತದೆ. ಮೆಟ್ಟಿಲು ಹತ್ತಲು, ಕೈ ಎತ್ತಿ ತಲೆ ಬಾಚಲು ಆಗುವುದಿಲ್ಲ. ಸಿಪಿಕೆ ಸಾವಿರಗಟ್ಟಲೆ ಏರುತ್ತದೆ. ಇದಕ್ಕೆ ಎಚ್‌ಎಂಜಿಸಿಆರ್ ಆಂಟಿಬಾಡಿ ಎಂಬ ಪರೀಕ್ಷೆ ಇದೆ, ಚಿಕಿತ್ಸೆಯೂ ಬೇರೆ. ಅವರು ಮತ್ತೆ ಯಾವ ಸ್ಟ್ಯಾಟಿನ್ ಅನ್ನೂ ಮುಟ್ಟಬಾರದು.

ಹೆಜ್ಜೆ 2: ಕೊಲೆಸ್ಟ್ರಾಲ್ ಎಲ್ಲಿಂದ ಏರಿತು ಎಂದು ಹುಡುಕಿ

ಪಕ್ಕದ ಮನೆಯವರಿಗೆ ಕೊಲೆಸ್ಟ್ರಾಲ್ ಏರಿದರೆ ಊಟ, ವಂಶ, ವಯಸ್ಸು ನೋಡಿದರೆ ಬಹುಪಾಲು ಸಾಕಾಗುತ್ತದೆ. ನಮ್ಮಂಥವರಿಗೆ ಅಷ್ಟೇ ಸಾಲದು. ನಮ್ಮಲ್ಲಿ ಆ ಅಂಕಿ ಎಷ್ಟೋ ಸಲ ಕಾಯಿಲೆಯ ಸುದ್ದಿ ಹೇಳುತ್ತಿರುತ್ತದೆ, ಇಲ್ಲವೇ ಔಷಧದ್ದು.

ಥೈರಾಯ್ಡ್ ಮೊದಲನೆಯದು. ಥೈರಾಯ್ಡ್ ಅನ್ನು ಮಂದ ಮಾಡುವ ಹಶಿಮೊಟೊ ಕಾಯಿಲೆಯೂ ಆಟೋಇಮ್ಯೂನ್ ಬಳಗದ್ದೇ. ಒಂದು ಆಟೋಇಮ್ಯೂನ್ ಕಾಯಿಲೆ ಇದ್ದವರಲ್ಲಿ ಇನ್ನೊಂದು ಬರುವುದು ಅಪರೂಪವಲ್ಲ. ಥೈರಾಯ್ಡ್ ಮಂದವಾದರೆ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆಗಿಂತ ಮೊದಲು ಇದನ್ನು ಸರಿ ಮಾಡಬೇಕು.

ಎರಡನೆಯದು ಮೂತ್ರ. ಲೂಪಸ್ ಇದ್ದವರು ಇದನ್ನು ಮರೆಯಲೇಬಾರದು. ಕಿಡ್ನಿಯಿಂದ ಪ್ರೋಟೀನ್ ಸೋರಿದರೆ ಕೊಲೆಸ್ಟ್ರಾಲ್ ಜೋರಾಗಿ ಏರುತ್ತದೆ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಕಾಲು ಬಾವು ಕಂಡರೆ ತಡ ಮಾಡಬೇಡಿ. ಏನೂ ಕಾಣದಿದ್ದರೂ ಮೂತ್ರದ ಪ್ರೋಟೀನ್ ಪರೀಕ್ಷೆ ಸರಳ, ಮಾಡಿಸಿಬಿಡಿ.

ಮೂರನೆಯದು ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ದಿನಾ ತಗೊಂಡರೆ ತೂಕ, ಸಕ್ಕರೆ, ರಕ್ತದೊತ್ತಡದ ಜೊತೆ ಕೊಲೆಸ್ಟ್ರಾಲ್ ಕೂಡ ಏರುತ್ತದೆ. "ಇದನ್ನು ಇನ್ನಷ್ಟು ಇಳಿಸಲು ಆಗುತ್ತದಾ?" ಎಂದು ಕೇಳಿ. ನೀವಾಗಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಕೂಡ ಎಲ್‌ಡಿಎಲ್ ಏರಿಸುತ್ತದೆ. ಮಲೇರಿಯಾ ಮಾತ್ರೆ ಎಂದು ನಾವು ಕರೆಯುವ ಹೈಡ್ರಾಕ್ಸಿಕ್ಲೊರೊಕ್ವಿನ್ ಉಲ್ಟಾ, ಸ್ವಲ್ಪ ಇಳಿಸುತ್ತದೆ.

ಯಕೃತ್ತಿನ ಪಿತ್ತನಾಳಗಳಿಗೆ ಬರುವ ಆಟೋಇಮ್ಯೂನ್ ಕಾಯಿಲೆಯೊಂದಿದೆ. ಅದರಲ್ಲೂ ಕೊಲೆಸ್ಟ್ರಾಲ್ ಏರುತ್ತದೆ. ಮೈ ತುರಿಕೆ ಬಿಡದಿದ್ದರೆ, ಲಿವರ್ ವರದಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಇದ್ದರೆ ಕೇಳಿ ನೋಡಿ.

ಇನ್ನು ರುಮಟಾಯ್ಡ್‌ನ ವಿಚಿತ್ರ. ಉರಿಯೂತ ಜೋರಿದ್ದಾಗ ಕೊಲೆಸ್ಟ್ರಾಲ್ ಇಳಿಯುತ್ತದೆ! ವರದಿ ನೋಡಿ ಖುಷಿಪಡುತ್ತೇವೆ, ಆದರೆ ಆಗಲೇ ರಕ್ತನಾಳಕ್ಕೆ ಅಪಾಯ ಜಾಸ್ತಿ. ಔಷಧ ಹಿಡಿದು ಗಂಟು ತಣ್ಣಗಾದ ಮೇಲೆ ಕೊಲೆಸ್ಟ್ರಾಲ್ ಮೇಲೆ ಬರುತ್ತದೆ. ಟೊಸಿಲಿಜುಮ್ಯಾಬ್ ಇಂಜೆಕ್ಷನ್, ಟೊಫಾಸಿಟಿನಿಬ್ ಮಾತ್ರೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದಕ್ಕೆ ಹೆದರಿ ಗಂಟಿನ ಔಷಧ ಬಿಡಬೇಡಿ. ಉರಿಯೂತ ತಗ್ಗಿಸುವುದೇ ಹೃದಯಕ್ಕೆ ನಾವು ಮಾಡುವ ದೊಡ್ಡ ಉಪಕಾರ. ಆದರೆ ವಯಸ್ಸು 50 ದಾಟಿ, ಬೀಡಿ ಸಿಗರೇಟು ಅಥವಾ ರಕ್ತದೊತ್ತಡ ಇದ್ದವರು ಟೊಫಾಸಿಟಿನಿಬ್ ಬಗ್ಗೆ ಹೃದಯದ ದೃಷ್ಟಿಯಿಂದ ವೈದ್ಯರ ಹತ್ತಿರ ಇನ್ನೊಮ್ಮೆ ಮಾತಾಡಬೇಕು.

ಇದರಿಂದಲೇ ಸಾಮಾನ್ಯ ಲೆಕ್ಕಾಚಾರ ನಮಗೆ ಸರಿಹೊಂದುವುದಿಲ್ಲ. ಹೃದಯದ ಅಪಾಯ ಅಳೆಯುವ ಪಟ್ಟಿಗಳಲ್ಲಿ ಬಂದ ಉತ್ತರವನ್ನು ರುಮಟಾಯ್ಡ್ ಇದ್ದವರು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು ಎಂದು ಯುರೋಪಿನ ಸಂಧಿವಾತ ತಜ್ಞರ ಸಂಘ ಹೇಳುತ್ತದೆ. "ನಿಮ್ಮ ವಯಸ್ಸಿಗೆ ಪರವಾಗಿಲ್ಲ" ಎಂದು ಯಾರಾದರೂ ಅಂದರೆ ಈ ಒಂದೂವರೆಯನ್ನು ನೆನಪಿಸಿ.

ಹೆಜ್ಜೆ 3: ಸರಿಯಾದ ದಿನ ಪರೀಕ್ಷೆ ಮಾಡಿಸಿ

ಗಂಟು ಊದಿಕೊಂಡಿರುವಾಗ, ಜ್ವರ ಬಂದಾಗ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಇಲಿ ಜ್ವರ, ಡೆಂಗೀ ಇದ್ದದ್ದೇ. ಅಂಥ ಜ್ವರ ಬಿಟ್ಟ ವಾರದಲ್ಲಿ ಬರುವ ಕೊಲೆಸ್ಟ್ರಾಲ್ ಅಂಕಿ ನಿಜಕ್ಕಿಂತ ಕಡಿಮೆ ಇರುತ್ತದೆ. ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಕಳೆಯಲಿ. ಪ್ರತಿ ಸಲವೂ ಒಂದೇ ಲ್ಯಾಬ್ ಇದ್ದರೆ ಹೋಲಿಸಲು ಸುಲಭ.

ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ನೋಡಿ ಬಿಡಬೇಡಿ. ಅದರಿಂದ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಳೆಯಿರಿ. ಉಳಿದದ್ದು ನಾನ್ ಎಚ್‌ಡಿಎಲ್, ಅಂದರೆ ರಕ್ತನಾಳಕ್ಕೆ ಮೆತ್ತಿಕೊಳ್ಳಬಲ್ಲ ಎಲ್ಲ ಕಣಗಳ ಲೆಕ್ಕ. ಸ್ಟೀರಾಯ್ಡ್‌ನಿಂದ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿದವರಿಗೆ ಎಲ್‌ಡಿಎಲ್‌ಗಿಂತ ಇದು ಹೆಚ್ಚು ನಂಬಬಹುದಾದ ಅಂಕಿ. ಜೀವನದಲ್ಲಿ ಒಮ್ಮೆ ಲೈಪೊಪ್ರೋಟೀನ್ ಎ ಪರೀಕ್ಷೆಯೂ ಆಗಲಿ. ಅದು ಹುಟ್ಟಿನಿಂದ ಬಂದದ್ದು, ಊಟದಿಂದ ಬದಲಾಗುವುದಿಲ್ಲ. ಅದು ಜಾಸ್ತಿ ಇದ್ದರೆ ಎಲ್‌ಡಿಎಲ್ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು.

ಹೆಜ್ಜೆ 4: ಅಡುಗೆಮನೆ

ತೆಂಗಿನಕಾಯಿಯಿಂದಲೇ ಶುರು ಮಾಡೋಣ. ನಮ್ಮ ಮನೆಯಲ್ಲಿ ಐದು ಜನ. ದಿನಕ್ಕೆ ಒಂದು ಕಾಯಿ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿ, ತಂಬುಳಿ, ಪಲ್ಯಕ್ಕೆ ತುರಿ. ಒಂದು ದಿನ ಕೂತು ಲೆಕ್ಕ ಹಾಕಿದೆ. ಒಂದು ಕಾಯಿಯ ತಿರುಳು 300 ಗ್ರಾಂ ಎಂದು ಹಿಡಿಯಿರಿ. 100 ಗ್ರಾಂ ಹಸಿ ತಿರುಳಿನಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯ ಕೊಬ್ಬು. ಕಾಯಿಗೆ 90. ಐವರಿಗೆ ಹಂಚಿದರೆ ತಲೆಗೆ 18 ಗ್ರಾಂ. ದಿನಕ್ಕೆ 1800 ಕ್ಯಾಲೊರಿ ಉಣ್ಣುವ ಕೊಲೆಸ್ಟ್ರಾಲ್ ರೋಗಿಗೆ ಇರುವ ಮಿತಿ ಸುಮಾರು 12 ಗ್ರಾಂ. ಒಗ್ಗರಣೆಯ ಎಣ್ಣೆ, ದೋಸೆಯ ತುಪ್ಪ, ಹಾಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ!

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಮ್ಮೂರಲ್ಲಿ ಜಗಳವೇ ಆಗುತ್ತದೆ. "ಅಜ್ಜ ತೊಂಬತ್ತು ವರ್ಷ ಬದುಕಿದ್ದ" ಎನ್ನುತ್ತಾರೆ. ನನ್ನ ಅಜ್ಜನೂ ಬದುಕಿದ್ದ. ಅವನು ದಿನಾ ತೋಟಕ್ಕೆ ಇಳಿದು ಹತ್ತುತ್ತಿದ್ದ, ಸ್ಟೀರಾಯ್ಡ್ ತಗೊಂಡಿರಲಿಲ್ಲ, ಅವನ ರಕ್ತನಾಳದಲ್ಲಿ ಉರಿಯೂತ ಇರಲಿಲ್ಲ. ಕೊಬ್ಬರಿ ಎಣ್ಣೆಯ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಬೇರೆ ಅಡುಗೆ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಒಂದು ದೊಡ್ಡ ಚಮಚ ಹಾಕಿದರೆ ಆ ದಿನದ 12 ಗ್ರಾಂ ಮುಗಿಯಿತು. ಶೇಂಗಾ ಎಣ್ಣೆಯಲ್ಲಿ ಆ ಕೊಬ್ಬು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಎಳ್ಳೆಣ್ಣೆಯಲ್ಲಿ ಇನ್ನೂ ಕಡಿಮೆ.

ನಾನು ಕಾಯಿ ಬಿಡಲಿಲ್ಲ. ಬಿಟ್ಟರೆ ಊಟವೇ ಸೇರುವುದಿಲ್ಲ, ಅಲ್ವಾ? ಹೀಗೆ ಮಾಡಿದೆ. ದಿನಕ್ಕೆ ಒಂದು ಅಡುಗೆಗೆ ಮಾತ್ರ ಕಾಯಿ. ಕಾಯಿ ಬೀಸಿ ಮಾಡುವ ಸಾಸ್ವೆ ಇದ್ದ ದಿನ ಹುಳಿ ಇಲ್ಲ, ಸಾರು. ಹುಳಿಗೆ ಬೀಸುವಾಗ ಅರ್ಧ ಕಾಯಿಯ ಜಾಗದಲ್ಲಿ ಒಂದು ಹಿಡಿ ತುರಿ, ಜೊತೆಗೆ ಬೆಂದ ತೊಗರಿಬೇಳೆಯನ್ನೇ ಎರಡು ಸೌಟು ಹಾಕಿ ಬೀಸಿದರೆ ಮಂದ ಬರುತ್ತದೆ. ಚಟ್ನಿಗೆ ಪುಟಾಣಿ ಮುಕ್ಕಾಲು, ಕಾಯಿ ಕಾಲು. ತಂಬುಳಿಗೆ ಒಂದು ಚಮಚ ತುರಿ ಸಾಕು, ಒಂದೆಲಗವೋ ದೊಡ್ಡಪತ್ರೆಯೋ ಜಾಸ್ತಿ ಇರಲಿ, ಕಡೆದ ಮಜ್ಜಿಗೆ ಇರಲಿ. ಅಪ್ಪೆಹುಳಿಗೆ ಕಾಯಿಯೇ ಬೇಡ, ಅದು ನಮ್ಮ ಭಾಗ್ಯ. ಉಪ್ಪು ಮಾತ್ರ ಹಿಡಿತದಲ್ಲಿರಲಿ, ಸ್ಟೀರಾಯ್ಡ್ ಇದ್ದವರಿಗೆ ಉಪ್ಪು ಬೇಗ ನೀರು ತುಂಬಿಸುತ್ತದೆ. ಹಲಸಿನ ಹಪ್ಪಳವನ್ನು ಕರಿಯುವ ಬದಲು ಕೆಂಡದಲ್ಲಿ ಸುಡುತ್ತೇವೆ. ಮೊದಲ ವಾರ ಮನೆಯವರು ಮುಖ ಸಿಂಡರಿಸಿದರು. ಎರಡನೇ ತಿಂಗಳಿಗೆ ಯಾರೂ ಕೇಳಲಿಲ್ಲ.

ತುಪ್ಪ ಒಂದು ಸಣ್ಣ ಚಮಚ, ದಿನಕ್ಕೆ ಒಮ್ಮೆ. ಉಪ್ಪಾಗೆ ತುಪ್ಪ, ಮುರುಗಲು ತುಪ್ಪ ಕಾಡಿನ ಬೀಜದ್ದು ಎಂದು ಧಾರಾಳ ಹಾಕಬೇಡಿ. ಅವೂ ಗಟ್ಟಿಯಾಗಿ ಹೆಪ್ಪುಗಟ್ಟುವ ಕೊಬ್ಬೇ. ಕಾಫಿ ಪುಡಿಯನ್ನು ನೀರಿನಲ್ಲಿ ಕುದಿಸಿ ಕುಡಿಯುವವರಿಗೆ ಒಂದು ಮಾತು. ಕುದಿಸಿದ ಕಾಫಿಯಲ್ಲಿ ಕ್ಯಾಫೆಸ್ಟಾಲ್ ಎಂಬ ಎಣ್ಣೆಯಂಥ ಅಂಶ ಉಳಿಯುತ್ತದೆ. ಅದು ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್‌ನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ನಾನು ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಮರಳಿದೆ.

ಕಡಿಮೆ ಮಾಡುವುದು ಅರ್ಧ ಕೆಲಸ, ಸೇರಿಸುವುದು ಇನ್ನರ್ಧ. ನೀರಿನಲ್ಲಿ ಲೋಳೆಯಾಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಹಾಕುತ್ತದೆ. ಆ ಪಿತ್ತರಸವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಹುರುಳಿ, ಇಡೀ ಹೆಸರು, ಕಡಲೆ, ಅಲಸಂದೆ: ದಿನಕ್ಕೆ ಬೆಂದದ್ದು ಒಂದು ಬಟ್ಟಲು. ಬೆಂಡೆಕಾಯಿ, ಓಟ್ಸ್ ಇರಲಿ. ಬಾಳೆದಿಂಡು, ಬಸಳೆಯೂ ಊಟದಲ್ಲಿರಲಿ. ಬಿಳಿ ಅಕ್ಕಿ ಮೂರು ಹೊತ್ತು ಉಂಡರೆ ಟ್ರೈಗ್ಲಿಸರೈಡ್ ಇಳಿಯುವುದಿಲ್ಲ. ಕೆಂಪಕ್ಕಿ ಗಂಜಿ ಒಂದು ಹೊತ್ತಾದರೂ ಆಗಲಿ, ಅನ್ನದ ರಾಶಿ ಸಣ್ಣದಾಗಲಿ.

ಇಸಬ್ಗೋಲು ನನ್ನ ಮಟ್ಟಿಗೆ ದೊಡ್ಡ ಸಹಾಯ. ದಿನಕ್ಕೆ 10 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ ಹೊಟ್ಟು, ಎಲ್‌ಡಿಎಲ್ ಅನ್ನು ಶೇ. 5ರಿಂದ 10ರಷ್ಟು ಇಳಿಸುತ್ತದೆ. ಒಂದು ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಗಂಟಲಿನಲ್ಲಿ ಕಟ್ಟಿಕೊಳ್ಳುತ್ತದೆ. ನುಂಗಲು ಕಷ್ಟವಿರುವ ಸ್ಕ್ಲೀರೊಡರ್ಮಾದವರು (ಚರ್ಮ ಬಿಗಿಯಾಗುವ ಆಟೋಇಮ್ಯೂನ್ ಕಾಯಿಲೆ) ಕೇಳದೆ ಮುಟ್ಟಬೇಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ತಾಸು ಅಂತರವಿರಲಿ. ನಾನು ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ, ರಾತ್ರಿ ಊಟಕ್ಕೆ ಮೊದಲು ಇಸಬ್ಗೋಲು ಎಂದು ಇಟ್ಟುಕೊಂಡಿದ್ದೇನೆ.

ಲೂಪಸ್ ಜೊತೆ ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದು ವಾರ್ಫರಿನ್ ತಗೊಳ್ಳುವವರು ಸೊಪ್ಪಿನ ತಂಬುಳಿಯನ್ನು ಒಂದು ವಾರ ಬಿಟ್ಟು, ಇನ್ನೊಂದು ವಾರ ದಿನಾ ಉಣ್ಣಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ.

ಕಾರವಾರ, ಅಂಕೋಲಾ, ಭಟ್ಕಳದ ಕಡೆಯ ಮೀನೂಟದವರಿಗೆ ಬಂಗುಡೆ, ತಾರ್ಲೆ ಒಳ್ಳೆಯದು. ಅವುಗಳ ಒಮೆಗಾ 3 ಕೊಬ್ಬು ಟ್ರೈಗ್ಲಿಸರೈಡ್ ಇಳಿಸುತ್ತದೆ, ರುಮಟಾಯ್ಡ್ ಗಂಟಿಗೂ ತುಸು ಹಿತ. ಎಲ್‌ಡಿಎಲ್ ಮಾತ್ರ ಇದರಿಂದ ಇಳಿಯುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ರವೆ ಹಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಬಂದ ಲಾಭ ಹೋಯಿತು. ಹುಳಿ ಹಾಕಿ ತೆಳ್ಳಗೆ ಸಾರು ಮಾಡಿ, ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿ. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ, ಆದರೆ ಸ್ಯಾಚುರೇಟೆಡ್ ಕೊಬ್ಬು ಕಡಿಮೆ. ಅಪರೂಪಕ್ಕೆ ಪರವಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವಾಗ ಮನೆಮನೆಯಲ್ಲೂ ಒಣಮೀನು. ಅದರ ಉಪ್ಪು ಕಿಡ್ನಿ ತೊಂದರೆ ಇದ್ದವರಿಗೆ ವಿಷವಿದ್ದಂತೆ. ಆ ಎರಡು ತಿಂಗಳು ಹುರುಳಿ, ಹೆಸರುಕಾಳಿನ ಮೇಲೆ ನಡೆಯಲಿ.

ಹೆಜ್ಜೆ 5: "ಇದು ನೈಸರ್ಗಿಕ" ಎಂದ ಕೂಡಲೇ ನಿಲ್ಲಿ

ನಮ್ಮ ಕಾಡು, ನಮ್ಮ ಸೊಪ್ಪು, ನಮ್ಮ ನಾಟಿ ಔಷಧದ ಬಗ್ಗೆ ನನಗೆ ಗೌರವವಿದೆ. ಅಷ್ಟಕ್ಕೇ ಇದನ್ನು ನೇರವಾಗಿ ಹೇಳುತ್ತೇನೆ. ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಎಂಬ ಗಂಟಿನ ಔಷಧ ತಗೊಳ್ಳುವ ನಮ್ಮ ಯಕೃತ್ತು ಆಗಲೇ ಹೊರೆ ಹೊತ್ತಿದೆ.

ಅಮೃತಬಳ್ಳಿ. ಕೊರೋನಾ ಕಾಲದಲ್ಲಿ ನಮ್ಮೂರಿನ ಪ್ರತಿ ಮನೆಯಲ್ಲೂ ಕಷಾಯ ಕಾಯುತ್ತಿತ್ತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿ ಕಂಡಿದೆ, ಅದು ಆಟೋಇಮ್ಯೂನ್ ಹೆಪಟೈಟಿಸ್‌ನಂತೆ ಇದೆ ಎಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ ಎಂದೇ ಹೆಸರಾದ ಬಳ್ಳಿ ಆಟೋಇಮ್ಯೂನ್ ಮೈಗೆ ಬೇಡ ಎಂಬುದು ನನ್ನ ತೀರ್ಮಾನ.

ಉಪ್ಪಾಗೆ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನಲ್ಲಿ ಆರಿಸಿ, ಒಲೆಯ ಮೇಲೆ ಒಣಗಿಸಿ ಮಾರುವ ಆ ಹುಳಿ ಹಣ್ಣಿನ ಸಿಪ್ಪೆಯ ಸತ್ವವೇ ತೂಕ ಇಳಿಸುವ ಮಾತ್ರೆಯಾಗಿ ಗಾರ್ಸಿನಿಯಾ ಎಂಬ ಹೆಸರಿನಲ್ಲಿ ತಿರುಗಿ ನಮ್ಮ ಕೈಗೆ ಬರುತ್ತದೆ. ಸಾರಿಗೆ ಹುಳಿಯಾಗಿ ಹಾಕುವುದು ಬೇರೆ. ಮಾತ್ರೆಯ ಸಾಂದ್ರ ರೂಪದಿಂದ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ. ಅರಿಶಿನವೂ ಹಾಗೆಯೇ. ಒಗ್ಗರಣೆಗೆ ಚಿಟಿಕೆ ಸರಿ, ಮೆಣಸಿನ ಸತ್ವ ಸೇರಿಸಿದ ಅರಿಶಿನ ಕ್ಯಾಪ್ಸೂಲ್ ಬೇಡ.

ಕೆಂಪು ಯೀಸ್ಟ್ ಅಕ್ಕಿ. ಹೆಸರು ಕೇಳಿ ನಮ್ಮ ಕೆಂಪಕ್ಕಿ ಅಂದುಕೊಳ್ಳಬೇಡಿ. ಇದು ಬೂಷ್ಟು ಬೆಳೆಸಿದ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೊವಾಸ್ಟ್ಯಾಟಿನ್ನೇ. ಸ್ಟ್ಯಾಟಿನ್ ಒಗ್ಗದವರು ಸ್ಟ್ಯಾಟಿನ್ ಅನ್ನೇ, ಅದೂ ಅಳತೆ ಗೊತ್ತಿಲ್ಲದೆ ನುಂಗಿದ ಹಾಗೆ.

ಗುಗ್ಗುಲು ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬ ನಂಬಿಕೆ ಹಳೆಯದು. 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಅದರ ಸತ್ವವನ್ನು ಪರೀಕ್ಷಿಸಿದಾಗ ಎಲ್‌ಡಿಎಲ್ ಸ್ವಲ್ಪ ಏರಿತ್ತು. ಕೆಲವರಿಗೆ ಮೈಮೇಲೆ ದದ್ದು ಬಂದಿತ್ತು. ಗಂಟು ನೋವಿಗೆ ಗುಗ್ಗುಲು ತಗೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ಹೆಜ್ಜೆ 6: ಸ್ಟ್ಯಾಟಿನ್ ಅಲ್ಲದ ಔಷಧಗಳು

ಊಟದಿಂದ ಎಲ್ಲರಿಗೂ ಗುರಿ ಮುಟ್ಟುವುದಿಲ್ಲ. ನನಗೂ ಮುಟ್ಟಲಿಲ್ಲ. ಸ್ಟ್ಯಾಟಿನ್ ಬೇಡ ಅಂದರೆ ಔಷಧವೇ ಬೇಡ ಅಂತ ಅಲ್ಲ.

ಎಜೆಟಿಮೈಬ್ 10 ಮಿಲಿಗ್ರಾಂ, ದಿನಕ್ಕೆ ಒಂದು. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಎಲ್‌ಡಿಎಲ್ ಶೇ. 15ರಿಂದ 20ರಷ್ಟು ಇಳಿಯುತ್ತದೆ. ನನಗೆ ಸ್ನಾಯುವಿನ ತೊಂದರೆ ಬರಲಿಲ್ಲ. ಸೈಕ್ಲೋಸ್ಪೊರಿನ್ ತಗೊಳ್ಳುವವರು ಮೊದಲೇ ಹೇಳಿ, ಎರಡೂ ಒಂದರ ಮಟ್ಟವನ್ನು ಇನ್ನೊಂದು ಏರಿಸುತ್ತವೆ.

ಬೆಂಪೆಡೊಯಿಕ್ ಆಸಿಡ್ 180 ಮಿಲಿಗ್ರಾಂ. ಇದೂ ಸ್ಟ್ಯಾಟಿನ್ ಕೆಲಸ ಮಾಡುವ ಹಾದಿಯಲ್ಲೇ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ. ಆದರೆ ಯಕೃತ್ತಿನೊಳಗೆ ಹೋದ ಮೇಲಷ್ಟೇ ಚುರುಕಾಗುತ್ತದೆ, ಸ್ನಾಯುವಿನಲ್ಲಿ ಚುರುಕಾಗುವುದಿಲ್ಲ. 2023ರಲ್ಲಿ ಬಂದ ಪ್ರಯೋಗದಲ್ಲಿ ಸ್ಟ್ಯಾಟಿನ್ ಒಗ್ಗದ ಸುಮಾರು 14,000 ಜನರಿದ್ದರು. ಎಲ್‌ಡಿಎಲ್ ಸುಮಾರು ಶೇ. 21 ಇಳಿಯಿತು, ಹೃದಯಾಘಾತದಂಥ ಘಟನೆಗಳು ಶೇ. 13 ಕಡಿಮೆಯಾದವು. ಯೂರಿಕ್ ಆಸಿಡ್ ಏರಿಸುತ್ತದೆ, ಗೌಟ್ ಇದ್ದವರಿಗೆ ಹುಷಾರು. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಸ್ನಾಯುರಜ್ಜು ಹರಿಯುವುದೂ ಇದೆ. ಸ್ಟೀರಾಯ್ಡ್ ತಗೊಳ್ಳುವವರ ಸ್ನಾಯುರಜ್ಜು ಮೊದಲೇ ಸೂಕ್ಷ್ಮ, ಇದನ್ನು ಕೇಳಿಯೇ ಮುಂದುವರಿಯಿರಿ.

ಇವೊಲೊಕುಮ್ಯಾಬ್, ಅಲಿರೊಕುಮ್ಯಾಬ್ ಎಂಬ ಇಂಜೆಕ್ಷನ್‌ಗಳು ಎರಡು ವಾರಕ್ಕೊಮ್ಮೆ. ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇಂಕ್ಲಿಸಿರಾನ್ ಮೊದಲ ಎರಡು ಡೋಸ್ ಆದ ಮೇಲೆ ವರ್ಷಕ್ಕೆ ಎರಡೇ ಸಲ. ಖರ್ಚು ತುಂಬಾ ಜಾಸ್ತಿ. ಸ್ಟೆಂಟ್ ಆಗಿ ಸ್ಟ್ಯಾಟಿನ್ ಪೂರ್ತಿ ಮುಚ್ಚಿದವರಿಗೆ ಕೇಳುವಷ್ಟಾದರೂ ಯೋಗ್ಯ.

ಕೊಲೆಸ್ಟೈರಮಿನ್ ಎಂಬ ಪುಡಿಯ ಬಗ್ಗೆ ಒಂದೇ ಎಚ್ಚರಿಕೆ. ಲೆಫ್ಲುನೊಮೈಡ್ ತಗೊಳ್ಳುವವರು ಅದನ್ನು ಮುಟ್ಟಬಾರದು. ಮೈಯಿಂದ ಲೆಫ್ಲುನೊಮೈಡ್ ಅನ್ನು ಬೇಗ ತೊಳೆದು ಹಾಕಬೇಕಾದಾಗ ವೈದ್ಯರು ಕೊಡುವುದೇ ಈ ಪುಡಿ. ಕೊಲೆಸ್ಟ್ರಾಲ್‌ಗೆಂದು ಕುಡಿದರೆ ಗಂಟಿನ ಔಷಧ ಹೊರಗೆ ಹೋಗುತ್ತದೆ.

ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಯಾವ ಕೊಲೆಸ್ಟ್ರಾಲ್ ಔಷಧಕ್ಕೂ ಮೊದಲು ಅದನ್ನು ಹೇಳಿ. ನಾಚಿಕೆ ಬೇಡ.

ಹೆಜ್ಜೆ 7: ನಡಿಗೆ ಮತ್ತು ಹೊಗೆಸೊಪ್ಪು

ವಾರಕ್ಕೆ 150 ನಿಮಿಷ ನಡೆಯಬೇಕು ಎನ್ನುತ್ತಾರೆ. ನನ್ನದು ಹತ್ತು ಹತ್ತು ನಿಮಿಷದ ತುಂಡು. ಕಾರವಾರದ ಟ್ಯಾಗೋರ್ ಕಡಲತೀರದಂಥ ಜಾಗವಿದ್ದರೆ ಅಲೆ ಹಿಂದೆ ಸರಿದ ಗಟ್ಟಿ ಮರಳಿನ ಮೇಲೆ ನಡೆಯಿರಿ, ಸಡಿಲ ಮರಳು ಪಾದದ ಗಂಟಿಗೆ ಹಿಂಸೆ. ಲೂಪಸ್ ಇದ್ದವರು ಬಿಸಿಲೇರುವ ಮೊದಲು. ಜೂನ್‌ನಿಂದ ನಮ್ಮ ಕಡೆ ಹೊರಗೆ ಕಾಲಿಡಲಾಗದ ಮಳೆ, ಆಗ ಜಗಲಿಯ ಆ ತುದಿಯಿಂದ ಈ ತುದಿ.

ಎಲೆಯಡಿಕೆಯ ಕವಳದಲ್ಲಿ ತಂಬಾಕು ಬಿಡಿ. ಬೀಡಿ, ಸಿಗರೇಟು ಬಿಡಿ. ಸಿಗರೇಟು ರುಮಟಾಯ್ಡ್ ಅನ್ನೇ ಕೆರಳಿಸುತ್ತದೆ, ಔಷಧ ಹಿಡಿಯದಂತೆ ಮಾಡುತ್ತದೆ.

ಹೆಜ್ಜೆ 8: ದೂರದ ಆಸ್ಪತ್ರೆಗೆ ಹೋಗುವ ಮೊದಲು

ನಮ್ಮ ಜಿಲ್ಲೆಯವರು ಗಂಟಿನ ತಜ್ಞರಿಗಾಗಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಅಲೆಯುತ್ತೇವೆ. ಹೃದಯದವರು ಒಂದು ಊರಲ್ಲಿ, ಗಂಟಿನವರು ಇನ್ನೊಂದು ಊರಲ್ಲಿ. ಇಬ್ಬರೂ ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಆ ಸೇತುವೆ ನಾವೇ ಆಗಬೇಕು.

ಒಂದೇ ಫೈಲ್ ಇಡಿ. ಮೊದಲ ಹಾಳೆಯಲ್ಲಿ ಎಲ್ಲ ಮಾತ್ರೆಯ ಹೆಸರು, ಪ್ರಮಾಣ, ಶುರುವಾದ ತಿಂಗಳು. ಕಷಾಯ, ಚೂರ್ಣ, ಕ್ಯಾಪ್ಸೂಲ್ ಕೂಡ. ಎರಡನೇ ಹಾಳೆಯಲ್ಲಿ ತಾರೀಕಿನ ಪಕ್ಕ ಎಲ್‌ಡಿಎಲ್, ನಾನ್ ಎಚ್‌ಡಿಎಲ್, ಟಿಎಸ್‌ಎಚ್, ಸಿಪಿಕೆ, ಲಿವರ್, ಮೂತ್ರದ ಪ್ರೋಟೀನ್, ಮತ್ತು ಆ ವಾರ ಗಂಟು ಹೇಗಿತ್ತು ಎಂಬ ಒಂದು ಸಾಲು. ಯಾವ ಸ್ಟ್ಯಾಟಿನ್, ಎಷ್ಟು ಮಿಲಿಗ್ರಾಂ, ಎಷ್ಟು ದಿನಕ್ಕೆ ಏನಾಯಿತು ಎಂದು ಕೆಂಪು ಪೆನ್ನಿನಲ್ಲಿ ಬರೆಯಿರಿ. ಕೇಳಲು ಮೂರೇ ಪ್ರಶ್ನೆ: ನನ್ನ ಎಲ್‌ಡಿಎಲ್ ಗುರಿ ಎಷ್ಟು? ಸ್ಟೀರಾಯ್ಡ್ ಇಳಿಸಬಹುದಾ? ಮುಂದಿನ ಪರೀಕ್ಷೆ ಯಾವಾಗ? ಊಟ ಅಥವಾ ಮಾತ್ರೆ ಬದಲಿಸಿದ ಎರಡು ಮೂರು ತಿಂಗಳಿಗೆ ಒಮ್ಮೆ ನೋಡಿದರೆ ಸಾಕು, ಪ್ರತಿ ವಾರ ರಕ್ತ ಕೊಡಬೇಡಿ.

ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ತೊಡೆ, ತೋಳು ಸೋತರೆ, ಕಣ್ಣು ಹಳದಿಯಾದರೆ ಆವತ್ತೇ ವೈದ್ಯರ ಹತ್ತಿರ ಹೋಗಿ. ಎದೆ ಬಿಗಿತ, ದವಡೆ ಅಥವಾ ಎಡಗೈ ಸೆಳೆತ, ಕಾರಣವಿಲ್ಲದ ಬೆವರು, ಏದುಸಿರು ಬಂದರೆ ಅದನ್ನು ಗಂಟಿನ ನೋವು, ಗ್ಯಾಸ್ ಎಂದು ತಳ್ಳಿಹಾಕಬೇಡಿ. ನೋವು ಸಹಿಸುವುದು ನಮಗೆ ಅಭ್ಯಾಸವಾಗಿ ಹೋಗಿರುತ್ತದೆ, ಹಾಗಾಗಿ ನಾವೇ ತಡ ಮಾಡುತ್ತೇವೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್ ದೂರ. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಆ ಫೈಲ್ ಅನ್ನು ಬಾಗಿಲ ಹತ್ತಿರದ ಮೊಳೆಗೇ ತೂಗಿಸಿಡಿ. ನಮ್ಮ ಮನೆಯಲ್ಲಿ ಅದು ಕೊಡೆಯ ಪಕ್ಕದಲ್ಲಿದೆ, ಯಾರು ಬೇಕಾದರೂ ಕತ್ತಲಲ್ಲೂ ಕೈಗೆ ಎತ್ತಿಕೊಳ್ಳಬಹುದು.